ಒಲ್ಲೆನೆಂದ ಕಾರ್ಡು

ಪರದೇಶದಲ್ಲಿ ಮಾನ ಹೋಗಬೇಕಾದರೆ ಕಳ್ಳತನವನ್ನೇ ಮಾಡಬೇಕೆಂದಿಲ್ಲ. ಅಂಗಡಿಯ ಯಂತ್ರ ನಮ್ಮ ಕ್ರೆಡಿಟ್ ಕಾರ್ಡನ್ನು ಒಲ್ಲೆನೆಂದರೆ ಸಾಕು. ಬೆನ್ನ ಹಿಂದಿನ ಸಾಲು ಏನೂ ಅನ್ನುವುದಿಲ್ಲ. ಆ ಸೌಜನ್ಯವನ್ನು ಸಹಿಸುವುದೇ ಕಷ್ಟ.

ವಿಯೆನ್ನಾದ ಔಷಧದಂಗಡಿಯೊಂದರಲ್ಲಿ ನನಗೊದಗಿದ ಪಾಡು ಇದು. ಹೊರಗೆ ಬೆಂಚಿನ ಮೇಲೆ ನನ್ನಾಕೆ ಜ್ವರದಿಂದ ನಡುಗುತ್ತ ಕುಳಿತಿದ್ದಳು. ಒಳಗೆ ಯಂತ್ರ ಎರಡು ಸಲ ತಲೆಯಲ್ಲಾಡಿಸಿತು. 2020ರಲ್ಲಿ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗೆ ಮಾತ್ರ ನಡೆಯುತ್ತವೆ. ಹೊರದೇಶದ ಬಳಕೆಯನ್ನು ನಾವೇ ಕೇಳಿ ತೆರೆಸಿಕೊಳ್ಳಬೇಕು. ಅದನ್ನು ಮಾಡಿಸಿಯೇ ವಿಮಾನವೇರಿದ್ದೆ. ಬಾಕಿಯೂ ಇರಲಿಲ್ಲ. ಮತ್ತೇಕೆ ಈ ಮುನಿಸು?

ಕೊನೆಗೆ ಔಷಧ ದೊರೆತದ್ದು ರೋಗಿಯ ಕೈಚೀಲದಲ್ಲಿ, ಕುಂಕುಮದ ಭರಣಿಯ ಪಕ್ಕದಲ್ಲಿ ಮಡಿಸಿಟ್ಟಿದ್ದ 50 ಯೂರೋ ನೋಟಿನಿಂದ. ಸಂಜೆ ದೂರವಾಣಿಯಲ್ಲಿ ಬ್ಯಾಂಕಿನವರು ವಿನಯದಿಂದ ತಿಳಿಸಿದರು: ಬೆಂಗಳೂರಿನ ಕಾರ್ಡು ಹಠಾತ್ತನೆ ವಿಯೆನ್ನಾದಲ್ಲಿ ಕಾಣಿಸಿಕೊಂಡದ್ದರಿಂದ ಅವರ ಗಣಕಯಂತ್ರಕ್ಕೆ ಸಂಶಯ ಬಂದಿತಂತೆ. ಕಳ್ಳನಿಂದ ನನ್ನನ್ನು ಕಾಪಾಡಿದ್ದರು. ಆ ಕಳ್ಳ ನಾನೇ ಎಂಬುದಷ್ಟೇ ತೊಡಕು!

ಈಗ ನಮ್ಮ ಪ್ರಯಾಣಗಳಲ್ಲಿ ಬೇರೊಂದು ಬ್ಯಾಂಕಿನ ಎರಡನೆಯ ಕಾರ್ಡೂ ಇರುತ್ತದೆ, ಆ ದೇಶದ ಒಂದಿಷ್ಟು ನಗದೂ ಇರುತ್ತದೆ. ಕಾರ್ಡುಗಳು ನನ್ನ ಬಳಿ. ನಗದು ಮಾತ್ರ ಭರಣಿಯ ಪಕ್ಕದಲ್ಲಿಯೇ.