ಅವ್ವನ ಪುಸ್ತಕದಲ್ಲಿ ಇಲ್ಲದ ಸುದ್ದಿ

ಯುಗಾದಿ ಬಂತೆಂದರೆ ನಿಮ್ಮ ಮನೆಯಲ್ಲಿ ಮೊದಲು ಏನು ಹೊರಗೆ ಬರುತ್ತದೆ? ಹೋಳಿಗೆಯ ಹಂಚೋ, ಹೊಸ ಪಂಚಾಂಗವೋ? ಹರಿಹರದ ನಮ್ಮ ತವರಿನಲ್ಲಿ ಹೊರಗೆ ಬರುವುದು ಒಂದು ನೀಲಿ ರಟ್ಟಿನ ಲೆಕ್ಕದ ಪುಸ್ತಕ. ಹಬ್ಬದ ಸಂಜೆ ಕೆಲಸವೆಲ್ಲ ಮುಗಿದ ಮೇಲೆ ಅವ್ವ ಆ ವರ್ಷದ ಮನೆ ಸುದ್ದಿಯನ್ನು ಅದರಲ್ಲಿ ಒಂದು ಪುಟ ಬರೆಯುತ್ತಾಳೆ. ಯಾರ ಮದುವೆಯಾಯಿತು, ಯಾರು ಯಾವ ಊರಿಗೆ ಹೋಗಿ ಬಂದರು, ಈಗ ಯಾರಿಗೆ ಯಾವ ತಿಂಡಿ ಇಷ್ಟ, ಎಲ್ಲ ಇರಬೇಕು. "ಮುಂದೆ ನೆನಪಿಗೆ ಬೇಕಾಗ್ತತಿ" ಅನ್ನುವುದು ಅವಳ ಮಾತು.

2024ರ ಯುಗಾದಿಗೆ ಅವ್ವನ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ. "ಈ ಸಲ ನೀನೇ ಬರಿ" ಎಂದು ಪುಸ್ತಕ ನನ್ನ ಕೈಗೆ ಕೊಟ್ಟಳು. ನಾನಿರುವ ದಾವಣಗೆರೆಯಿಂದ ಹರಿಹರ ಹದಿನಾಲ್ಕು ಕಿಲೋಮೀಟರು, ಬಸ್ಸಿನಲ್ಲಿ ಅರ್ಧ ಗಂಟೆ. ಇಷ್ಟು ಹತ್ತಿರವಿದ್ದೂ ಆ ಪುಸ್ತಕವನ್ನು ಮೊದಲಿನಿಂದ ಓದಿದ್ದು ಅಂದೇ.

ಏನೆಲ್ಲ ಬರೆದಿದ್ದಳು ಅಂತೀರಿ! 1984ರ ಪುಟದಲ್ಲಿ ನಾನು ಶಾಲೆಗೆ ಸೇರಿದ್ದು, ಮೊದಲ ದಿನವೇ ಅತ್ತು ವಾಪಸು ಬಂದಿದ್ದು. 1998ರ ಪುಟದಲ್ಲಿ "ಹೋದ ಆಗಸ್ಟಿನಲ್ಲಿ ದಾವಣಗೆರೆ ಜಿಲ್ಲೆಯಾಯಿತು, ಇನ್ನು ಕಚೇರಿ ಕೆಲಸಕ್ಕೆ ಇವರು ಚಿತ್ರದುರ್ಗಕ್ಕೆ ಅಲೆಯುವುದು ತಪ್ಪಿತು" ಎಂಬ ಸಮಾಧಾನ. ಅಪ್ಪ ಧರ್ಮಸ್ಥಳಕ್ಕೆ ಹೋಗಿದ್ದು, ತಮ್ಮ ಶಾಲೆಯಿಂದ ಜೋಗ ನೋಡಿ ಬಂದಿದ್ದು. ಅಪ್ಪನಿಗೆ ಇಷ್ಟ ಕಡಲೆಬೇಳೆ ಹೋಳಿಗೆ, ತಮ್ಮನಿಗೆ ಶಾವಿಗೆ ಪಾಯಸ, ನನಗೆ ಮೆಣಸಿನಕಾಯಿ ಬಜ್ಜಿ.

ಓದುತ್ತಾ ಓದುತ್ತಾ ಅಪ್ಪನ ಕೆಲಸ ಹೋದ ವರ್ಷದ ಪುಟ ಬಂತು. ಅಲ್ಲಿ ಇದ್ದದ್ದು ಎರಡೇ ಮಾತು: "ಎಲ್ಲರೂ ಕ್ಷೇಮ." ನನಗೆ ಚೆನ್ನಾಗಿ ನೆನಪಿದೆ, ಆ ವರ್ಷವೇ ಅವ್ವನ ಎರಡು ಬಂಗಾರದ ಬಳೆ ತಮ್ಮನ ಕಾಲೇಜಿನ ಫೀಸಿಗೆ ಹೋದವು. ಅದರ ಸುದ್ದಿಯೇ ಇಲ್ಲ. ಪುಟ ತಿರುವಿ ಹಾಕಿದೆ. ನಲವತ್ತು ವರ್ಷದ ಪುಸ್ತಕದಲ್ಲಿ ಅವ್ವ ಎಲ್ಲೂ ಇಲ್ಲ! ಅವಳ ಪ್ರಯಾಣವಿಲ್ಲ, ಅವಳ ಜ್ವರವಿಲ್ಲ, ಅವಳ ಇಷ್ಟವಿಲ್ಲ.

"ನಿನ್ನ ಸುದ್ದಿ ಎಲ್ಲೈತವ್ವಾ?" ಅಂದೆ.

"ನಂದೇನೈತಿ ಸುದ್ದಿ? ಅಡಗಿಮನಿಯಾಗ ಇರೋಳು" ಎಂದು ನಕ್ಕಳು. ನಾನು ಬಿಡಲಿಲ್ಲ. ಎಲ್ಲಿಗಾದರೂ ಹೋಗಬೇಕು ಅನ್ನಿಸಲೇ ಇಲ್ಲವೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಈ ಹೊಳಿ ನೀರು ಕುಡ್ಕೊಂತ ಇಷ್ಟು ವರ್ಷ ಆತು. ತುಂಗೆ, ಭದ್ರೆ ಕೂಡೋ ಜಾಗ ಒಂದ್ಸಲ ನೋಡಬೇಕಿತ್ತು. ಮುಂದಿನ ವರ್ಷ, ಮುಂದಿನ ವರ್ಷ ಅಂತಿದ್ರು ನಿಮ್ಮಪ್ಪ." ಅಪ್ಪ ತೀರಿಕೊಂಡೇ ಆಗ ಆರು ವರ್ಷವಾಗಿತ್ತು.

ಮಳೆಗಾಲದಲ್ಲಿ ಪೊರೆಯ ಆಪರೇಷನ್ ಆಯಿತು. ದೀಪಾವಳಿ ಕಳೆದ ಮೇಲೆ ಕೂಡಲಿಗೆ ಹೊರಟೆವು. 2023ರ ಜೂನ್ 11ರಿಂದ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ನಮ್ಮಂಥವರಿಗೆ ಟಿಕೆಟ್ಟಿನ ದುಡ್ಡಿಲ್ಲವಲ್ಲ, ಅವ್ವ ಆಧಾರ್ ಕಾರ್ಡನ್ನು ಎಲೆ ಅಡಿಕೆ ಚೀಲದಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದಳು. ಹರಿಹರದಿಂದ ಹೊನ್ನಾಳಿ ಮೇಲೆ ಶಿವಮೊಗ್ಗ, ಅಲ್ಲಿಂದ ಆಟೋ. ಜೊತೆಗೆ ಬಂದ ನಮ್ಮವರು ಮಾತ್ರ ದುಡ್ಡು ಎಣಿಸಿ ಟಿಕೆಟ್ ತೆಗೆಸಬೇಕಾಯಿತು. "ಅಳಿಯಂದ್ರು ಪಾಪ!" ಎಂದು ಅವ್ವನಿಗೆ ದಾರಿಯುದ್ದಕ್ಕೂ ನಗು.

ಕೂಡಲಿಯಲ್ಲಿ ಅವ್ವ ನೀರಿಗೆ ಇಳಿದು ಮುಖ ತೊಳೆದುಕೊಂಡಳು. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಒಟ್ಟಿಗೇ ಹುಟ್ಟಿ, ಒಬ್ಬಳು ಶೃಂಗೇರಿ, ತೀರ್ಥಹಳ್ಳಿಯ ಕಡೆ, ಇನ್ನೊಬ್ಬಳು ಭದ್ರಾವತಿಯ ಕಡೆ ಹೋಗಿ, ಇಲ್ಲಿ ಬಂದು ಕೂಡುತ್ತಾರೆ ಎಂದು ಹೇಳಿದೆ. "ಅಕ್ಕ ತಂಗಿ ತವರಿಗೆ ಬಂದಂಗೆ" ಅಂದಳು ಅವ್ವ.

ಆಮೇಲೆ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದೆವು. ಅವ್ವನಿಗೆಂದೇ ನಾನು ಹೋಳಿಗೆ ಮಾಡಿ ತಂದಿದ್ದೆ. ಅವಳು ಅದನ್ನು ಪಕ್ಕಕ್ಕೆ ಸರಿಸಿ ಮಂಡಕ್ಕಿ ಒಗ್ಗರಣೆಯನ್ನೇ ಎರಡು ಸಲ ಹಾಕಿಸಿಕೊಂಡಳು. "ನಂಗೆ ಹೋಳಿಗಿ ಮೊದ್ಲಿಂದಾನೂ ಅಷ್ಟಕ್ಕಷ್ಟೇ. ನಿಮ್ಮಪ್ಪಗೆ ಬೇಕು ಅಂತ ಮಾಡ್ತಿದ್ದೆ" ಅಂದಳು. ಇಷ್ಟು ವರ್ಷ ಹಬ್ಬಕ್ಕೆ ಅವಳ ಎಲೆಗೆ ತುಪ್ಪ ಸುರಿದು ಒತ್ತಾಯ ಮಾಡಿದ್ದು ನೆನೆದು ನನಗೆ ನಾಚಿಕೆಯಾಯಿತು.

ಅವ್ವನಿಗೆ ಇಷ್ಟವಾದ ಆ ಒಗ್ಗರಣೆ ಹೀಗೆ: ಎರಡು ಸೇರು ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಕೂಡಲೇ ಹಿಂಡಿ ತೆಗೆಯಿರಿ. ಎಣ್ಣೆಗೆ ಸಾಸಿವೆ, ಶೇಂಗಾ, ಕರಿಬೇವು, ಹಸಿಮೆಣಸಿನಕಾಯಿ, ಹೆಚ್ಚಿದ ಈರುಳ್ಳಿ, ಅರಿಶಿನ, ಉಪ್ಪು ಹಾಕಿ ಬಾಡಿಸಿ, ಮಂಡಕ್ಕಿ ಸೇರಿಸಿ. ಮೇಲೆ ಎರಡು ಚಮಚ ಪುಟಾಣಿ ಹಿಟ್ಟು ಉದುರಿಸಿ, ಒಲೆಯಿಂದ ಇಳಿಸಿ ನಿಂಬೆ ಹಿಂಡಿ. ಮಂಡಕ್ಕಿ ನೀರಿನಲ್ಲಿ ಹೆಚ್ಚು ಹೊತ್ತು ನೆನೆದರೆ ಮುದ್ದೆಯಾದೀತು, ಜೋಕೆ.

2025ರ ಯುಗಾದಿ, ಮಾರ್ಚ್ 30. ಪುಟ ಬರೆದು ಅವ್ವನಿಗೆ ಓದಿ ಹೇಳಿದೆ. ಮಗ ಎಂಜಿನಿಯರಿಂಗ್ ಸೇರಿದ್ದು, ಅವನಿಗೆ ಬೆಣ್ಣೆ ದೋಸೆಯ ಹುಚ್ಚು. ಮಗಳ ಪಿಯುಸಿ. ನಮ್ಮವರ ಜವಳಿ ಅಂಗಡಿಯ ಕೆಲಸ. ಅವ್ವನ ಕೂಡಲಿ, ಅವ್ವನ ಮಂಡಕ್ಕಿ. ಕೇಳಿ ಮುಗಿಸಿದ ಅವ್ವ, "ಎಲ್ಲಾ ಛಲೋ ಐತಿ. ನಿಂದೆಲ್ಲೈತಿ?" ಅಂದಳು.

ನನ್ನ ಬಾಯಿ ಕಟ್ಟಿಹೋಯಿತು. ನಾನೂ ನನ್ನನ್ನು ಬಿಟ್ಟೇ ಬರೆದಿದ್ದೆ! ಅವ್ವ ಪೆನ್ನನ್ನು ಮತ್ತೆ ನನ್ನ ಕೈಗಿಟ್ಟಳು. ಬಹಳ ಹೊತ್ತು ಯೋಚಿಸಿ ಒಂದೇ ಸಾಲು ಬರೆದೆ: "ದಾವಣಗೆರೆಯಿಂದ ಹರಿಹರಕ್ಕೆ ನಾನೇ ಸ್ಕೂಟಿ ನಡೆಸಿಕೊಂಡು ಬರಬೇಕು." ನಮ್ಮವರು ನಕ್ಕರು, ಮಗಳು ಕಲಿಸಿದಳು. ಸದ್ಯಕ್ಕೆ ಬಾತಿಯ ತನಕ ಹೋಗಿ ಬಂದಿದ್ದೇನೆ. ಅಲ್ಲಿಂದ ಹರಿಹರ ಇನ್ನೆಷ್ಟು ದೂರ!

ಅಕ್ಕ ತಂಗಿಯರೇ, ಬರುವ ಯುಗಾದಿಗೆ ಬೇವು ಬೆಲ್ಲ ಹಂಚಿದ ಮೇಲೆ ನೀವೂ ಒಂದು ಪುಟ ಬರೆಯಿರಿ. ನಿಮ್ಮ ಅವ್ವನನ್ನೋ ಅತ್ತೆಯನ್ನೋ ಕೂರಿಸಿಕೊಂಡು, ಅವರಿಗೆ ಏನಿಷ್ಟವೆಂದು ಕೇಳಿ. ಎಲ್ಲರದ್ದೂ ಬರೆದಾದ ಮೇಲೆ ಪುಸ್ತಕ ಮುಚ್ಚಬೇಡಿ. ನಿಮ್ಮದೊಂದು ಸಾಲು ಬಾಕಿ ಇರುತ್ತದೆ.