ಮಾಡು ಹತ್ತುವವರು ಯಾರು?

ಆರಿದ್ರಾ ಮಳೆ ಹಿಡಿದ ಮೂರನೇ ರಾತ್ರಿ ನಮ್ಮ ಅಡುಗೆಮನೆಯ ಮೂಲೆ ಸೋರಲು ಶುರುವಾಯಿತು. ಮೊದಲು ಒಂದು ಪಾತ್ರೆ ಇಟ್ಟೆವು, ಆಮೇಲೆ ಬಕೆಟ್. ಬೆಳಿಗ್ಗೆ ಎದ್ದು ನೋಡಿದರೆ ಅಕ್ಕಿ ಡಬ್ಬಿಯ ಹಿಂದಿನ ಗೋಡೆಯೂ ಒದ್ದೆ.

ಅದೇ ಹೊತ್ತಿಗೆ ಡೆಸ್ಕಿನಿಂದ ಫೋನು. ಹುಲಿಕಲ್ಲಿನಲ್ಲಿ ಎಷ್ಟು ಮಿಲಿಮೀಟರ್, ಮಾಸ್ತಿಕಟ್ಟೆಯಲ್ಲಿ ಎಷ್ಟು, ಲಿಂಗನಮಕ್ಕಿ 1819 ಅಡಿ ತುಂಬಲು ಇನ್ನೆಷ್ಟು ಬಾಕಿ? ಹೊಸನಗರ ಸೀಮೆಯ ಮಳೆಯ ಲೆಕ್ಕವೆಲ್ಲ ನಮ್ಮ ಮೊಬೈಲಿನಲ್ಲಿತ್ತು. ಮನೆಯೊಳಗೆ ಬಿದ್ದ ಮಳೆಯ ಲೆಕ್ಕ ಅಮ್ಮನ ಹತ್ತಿರ ಇತ್ತು: ರಾತ್ರಿಗೆ ಎರಡು ಬಕೆಟ್.

ನಮ್ಮದು ಅಜ್ಜನ ಕಾಲದ ಹೆಂಚಿನ ಮನೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಘಟ್ಟದ ಮೇಲಿನ ಹುಲ್ಲಿನ ಮಾಡುಗಳು ಒಂದೊಂದಾಗಿ ಕೆಂಪಾದವು. ನಮ್ಮ ಮನೆ ಕೆಂಪಾಗಿದ್ದು ಬಹಳ ತಡವಾಗಿ. ಆಮೇಲೆ ಮಂಗಗಳು ಅದರ ಮೇಲೆ ಓಡಾಡಿ ವರ್ಷಕ್ಕೆ ನಾಲ್ಕೈದು ಹೆಂಚು ಒಡೆಯುತ್ತಲೇ ಬಂದಿವೆ. ಪ್ರತಿ ಬೇಸಿಗೆಯಲ್ಲಿ ಮಾಡು ಕೈಯಾಡಿಸುವುದು ಪದ್ಧತಿ. ಈ ಬೇಸಿಗೆಯಲ್ಲಿ ಚುನಾವಣೆ ಸುದ್ದಿ, ಕುಡಿಯುವ ನೀರಿನ ಸುದ್ದಿ ಎಂದು ತಿರುಗಿದೆವು. ಮಾಡಿನ ಸುದ್ದಿ ಮರೆತೆವು.

ಈಗ ಪ್ರಶ್ನೆ: ನಾವೇ ಹತ್ತುವುದೋ, ಜನ ಕರೆಯುವುದೋ?

ನಮ್ಮಂಥ ಸ್ಟ್ರಿಂಗರ್‌ಗಳ ಸಂಬಳದ ಕಥೆ ಇಲ್ಲಿ ಓದುವವರಿಗೆ ಹೇಳಬೇಕಾಗಿಲ್ಲ. ಅಚ್ಚಾದ ಸುದ್ದಿಗೆ ಇಷ್ಟು ಎಂದು ಬರುವ ದುಡ್ಡು, ಅದೂ ಎರಡು ತಿಂಗಳು ತಡ. ಹೆಂಚಿನ ಕೆಲಸದವರ ಒಂದು ದಿನದ ಕೂಲಿ ನಮ್ಮ ಎಷ್ಟೋ ಸುದ್ದಿಗಳ ದುಡ್ಡು. ಏಣಿ ಮನೆಯಲ್ಲೇ ಇದೆ. ಹಳೆಯ ಹೆಂಚು ಕೊಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದೇವೆ. ಚಿಕ್ಕವರಿದ್ದಾಗ ಅಪ್ಪನ ಹಿಂದೆ ಮಾಡು ಹತ್ತಿದವರು ನಾವು. ಹಾಗಾಗಿ ಹತ್ತುವುದೇ ಸರಿ ಅನ್ನಿಸಿತು. ಮಳೆ ಸ್ವಲ್ಪ ಹೊಳವಾಗಿದ್ದೇ ಏಣಿ ತಂದು ಸೂರಿಗೆ ಒರಗಿಸಿದೆವು.

ನಾಲ್ಕು ಮೆಟ್ಟಿಲು ಹತ್ತಿದಾಗ ಹೆಂಚಿನ ಮೇಲಿನ ಹಾವಸೆ ಕಣ್ಣಿಗೆ ಬಿತ್ತು. ಹಸಿರಾಗಿ, ಮೆತ್ತಗೆ, ಹೊಳೆಯುತ್ತಿತ್ತು. ಅಲ್ಲೇ ನಿಂತೆವು.

ಎರಡು ವರ್ಷದ ಹಿಂದೆ ನಾವೇ ಕಳಿಸಿದ ಸುದ್ದಿಯೊಂದಿದೆ. ‘ಹೆಂಚು ಸರಿಪಡಿಸುವಾಗ ಜಾರಿ ಬಿದ್ದು ವ್ಯಕ್ತಿ ಸಾವು.’ ನಾಲ್ಕು ಸಾಲು, ಒಳಪುಟ. ಆ ಮನೆಗೆ ನಾವು ಹೋದಾಗ ಏಣಿ ಇನ್ನೂ ಗೋಡೆಗೆ ಒರಗಿಕೊಂಡೇ ಇತ್ತು, ತೆಗೆಯುವುದು ಯಾರಿಗೂ ಹೊಳೆದಿರಲಿಲ್ಲ. ಅವರ ಹೆಂಡತಿ ಒಂದೇ ಮಾತು ಹೇಳುತ್ತಿದ್ದರು: “ಎರಡೇ ಹೆಂಚು ಇತ್ತು, ಎರಡೇ.” ಆ ಮಾತು ನಮ್ಮ ನಾಲ್ಕು ಸಾಲಿನಲ್ಲಿ ಬರಲಿಲ್ಲ.

ಇಳಿದೆವು. ಊರಿನ ಹೆಂಚಿನ ಕೆಲಸದ ಅಣ್ಣನಿಗೆ ಫೋನು ಮಾಡಿದೆವು. ಅರ್ಧ ಗಂಟೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಬಂದೇ ಬಿಟ್ಟರು. ಮಳೆ ಹಿಡಿದಾಗಿನಿಂದ ಅವರಿಗೆ ಕೆಲಸವಿರಲಿಲ್ಲ. ಮಾಡನ್ನು ಒಮ್ಮೆ ನೋಡಿ, “ನಿಧಾನಕ್ಕೆ ಹತ್ತಿದ್ರೆ ಆಯ್ತು ಬಿಡಿ” ಎಂದು ಪಂಚೆ ಮೇಲೆ ಕಟ್ಟಿದರು.

ಆಗ ಅಮ್ಮ ಜಗಲಿಯಿಂದಲೇ ಕೇಳಿದರು: “ನೀವು ಹತ್ತೂಕೆ ಹೆದರಿದ ಮಾಡಿಗೆ ಅವನನ್ನ ಹತ್ಸೂದಾ?”

ನಮ್ಮ ಬಾಯಿ ಕಟ್ಟಿತು. ಅಲ್ಲಿಯವರೆಗೆ ನಾವು ಹಾಕಿದ್ದು ಎರಡೇ ಲೆಕ್ಕ: ನಮ್ಮ ದುಡ್ಡು, ನಮ್ಮ ಕಾಲು. ಕೂಲಿ ಕೊಟ್ಟರೆ ಜಾರುವ ಅಪಾಯವೂ ಅವರ ಪಾಲಿಗೆ ಹೋಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಇದೆಯಾ ಎಂದು ಕೇಳಿದೆವು. ಮಾಡಿಸಿಲ್ಲ ಎಂದರು. ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಕಾಗದ ಬೇಕು, ದಿನಕ್ಕೊಂದು ಮನೆಯಲ್ಲಿ ದುಡಿಯುವವರು ಅದನ್ನು ಯಾರ ಹತ್ತಿರ ಬರೆಸಿಕೊಳ್ಳುವುದು? ನಮ್ಮ ಕೊರಳಲ್ಲಿ ಪತ್ರಿಕೆಯ ಗುರುತಿನ ಚೀಟಿ ಇದೆ, ವಿಮೆ ಇಲ್ಲ. ಅವರಿಗೆ ಚೀಟಿಯೂ ಇಲ್ಲ.

ವಾಪಸು ಕಳಿಸಿದರೆ ಅವರ ಕೂಲಿ ಹೋಗುತ್ತದೆ. ಹತ್ತಿಸಿದರೆ ಏನು ಬೇಕಾದರೂ ಆಗಬಹುದು. ಕೊನೆಗೆ ನಾವು ಕೇಳಿದ್ದು: “ಹೊರಗಿಂದ ಬೇಡ. ಅಟ್ಟದಿಂದ ಏನಾದ್ರೂ ಮಾಡಬಹುದಾ?”

“ಮಾಡಬಹುದು. ಕೆಲಸ ಜಾಸ್ತಿ, ಅಷ್ಟೆ” ಎಂದರು.

ಮೊದಲು ಮೇನ್ ಸ್ವಿಚ್ ತೆಗೆಸಿದರು. ನೀರು ಇಳಿದ ಗೋಡೆಯಲ್ಲೇ ವಯರು ಹೋಗಿತ್ತು, ಅದು ನಮ್ಮ ತಲೆಗೇ ಬಂದಿರಲಿಲ್ಲ. ಅಟ್ಟದ ಕತ್ತಲಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿದರು. ಕಣ್ಣು ಹೊಂದಿಕೊಂಡ ಮೇಲೆ ಮಾಡಿನಲ್ಲಿ ಬೆಳಕಿನ ಚುಕ್ಕಿಗಳು ಕಾಣಿಸಿದವು. ಬಕೆಟ್ ಇಟ್ಟ ಜಾಗದ ನೇರಕ್ಕೆ ಒಂದೂ ಇರಲಿಲ್ಲ. ನೀರು ಮೇಲೆಲ್ಲೋ ಒಳಗೆ ಬಂದು, ಪಕಾಸಿನ ಗುಂಟ ಹರಿದು, ಮೂಲೆಯಲ್ಲಿ ತೊಟ್ಟಿಕ್ಕುತ್ತಿತ್ತು. ನಾವೇ ಹತ್ತಿದ್ದರೆ ಮೂಲೆಯ ಒಳ್ಳೆಯ ಹೆಂಚನ್ನೇ ಕಿತ್ತು ಹಾಕುತ್ತಿದ್ದೆವು.

ಹೆಂಚಿನ ಹಿಂದೆ ಎರಡು ಗುಬುಟು ಇರುತ್ತವೆ, ಅವು ರೀಪಿಗೆ ಸಿಕ್ಕಿಕೊಂಡು ನಿಲ್ಲುತ್ತವೆ. ಮೇಲಿನ ಸಾಲಿನ ಹೆಂಚನ್ನು ಒಳಗಿನಿಂದಲೇ ಎತ್ತಿ ಸರಿಸಿ, ಒಡೆದದ್ದನ್ನು ಓರೆ ಮಾಡಿ ಒಳಗೆ ಎಳೆದುಕೊಂಡು, ಬೇರೆಯದನ್ನು ಅದೇ ದಾರಿಯಲ್ಲಿ ಹೊರಗೆ ದಾಟಿಸಿ ಕೂರಿಸಬಹುದು. ಅವರು ಹೇಳಿದರು, ನಾವು ಹೆಂಚು ಎತ್ತಿ ಕೊಟ್ಟೆವು. ಕೊಟ್ಟಿಗೆಯಲ್ಲಿದ್ದ ಹಳೆಯವೇ ಬೇಕಾದವು. ಬೇರೆ ಕಾರ್ಖಾನೆಯ ಹೆಂಚಾದರೆ ಅಂಚು ಸರಿಯಾಗಿ ಕೂರುವುದಿಲ್ಲ, ಹೊಸದು ತಂದರೂ ಸೋರುತ್ತದೆ ಎಂದರು. ಮೂರು ಹೆಂಚು ಬದಲಾದವು. ಮಾಡಿನ ನೆತ್ತಿಯ ಹತ್ತಿರ ಕೈಗೆ ಸಿಗದ ಒಂದು ಉಳಿಯಿತು. ಅದರ ಕೆಳಗೆ ಟಾರ್ಪಾಲು ಕಟ್ಟಿ, ಓರೆ ಮಾಡಿ, ನೀರು ಹೊರಗೆ ಹೋಗುವಂತೆ ಮಾಡಿದೆವು. ಒಂದು ಪಕಾಸಿನ ತುದಿಯೂ ಕುಂಬಾಗಿತ್ತು. “ಇದನ್ನ ಬೇಸಿಗೆಗೆ ಬದಲು ಮಾಡ್ಲೇಬೇಕು. ಇದರ ಮೇಲೆ ಕಾಲಿಟ್ಟಿದ್ರೆ ಮಾಡಿನ ಸಮೇತ ಕೆಳಗೆ” ಎಂದರು. ಹಾವಸೆ ನಮಗೆ ಕಂಡಿತ್ತು. ಇದು ಕೆಳಗಿನಿಂದ ಇಬ್ಬರಿಗೂ ಕಂಡಿರಲಿಲ್ಲ.

ಪೂರ್ತಿ ದಿನದ ಕೂಲಿ ಕೊಟ್ಟೆವು. ಅರ್ಧ ದಿನದ ಕೆಲಸ ಎಂದು ಅವರು ತೆಗೆದುಕೊಳ್ಳಲು ಹಿಂಜರಿದರು, ಅಮ್ಮ ಕಾಫಿ ಲೋಟದ ಜೊತೆ ಕೈಗೆ ಇಟ್ಟರು. ಕಾರ್ಡಿನ ಅರ್ಜಿ ನಾವು ತುಂಬಿಸಿಕೊಡುತ್ತೇವೆ, ಇವತ್ತಿನ ಕೆಲಸಕ್ಕೆ ನಮ್ಮ ಮನೆಯ ಲೆಕ್ಕದಲ್ಲೇ ಕಾಗದ ಶುರು ಮಾಡೋಣ ಎಂದೆವು. ನಕ್ಕರು. ಬರುತ್ತಾರೋ ಇಲ್ಲವೋ, ನಾವೇ ಹೋಗಿ ಕೇಳಬೇಕು.

2019ರ ಆಗಸ್ಟ್ ಮಳೆಯಲ್ಲಿ ಪೂರ್ತಿ ಬಿದ್ದ ಮನೆಗೆ ಐದು ಲಕ್ಷದ ಪರಿಹಾರ ಎಂದು ಸರ್ಕಾರ ಹೇಳಿದಾಗ ನಾವು ವಾರಗಟ್ಟಲೆ ಬಿದ್ದ ಮನೆಗಳ ಪಟ್ಟಿ ಬರೆದೆವು. ಬರೀ ಸೋರುವ ಮನೆ ಆಗಲೂ ಸುದ್ದಿಯಾಗಲಿಲ್ಲ, ಈಗಲೂ ಆಗುವುದಿಲ್ಲ. ಅದನ್ನು ಸರಿ ಮಾಡಲು ಹೋದವರು ಬಿದ್ದರೆ ಮಾತ್ರ ನಾಲ್ಕು ಸಾಲು.

ಅಡುಗೆಮನೆಯಲ್ಲಿ ಬಕೆಟ್ ಇನ್ನೂ ಇದೆ. ಗಾಳಿಮಳೆ ಬಂದ ರಾತ್ರಿ ಕಾಲು ಭಾಗ ತುಂಬುತ್ತದೆ. ಪುಷ್ಯ, ಆಶ್ಲೇಷಾ ಎರಡೂ ಬಾಕಿ ಇವೆ, ಅಲ್ಲಿಯವರೆಗೆ ಚೆಲ್ಲುತ್ತಿರುತ್ತೇವೆ. ಏಪ್ರಿಲ್‌ನಲ್ಲಿ, ಹಾವಸೆ ಒಣಗಿ ಉದುರಿದ ಮೇಲೆ, ಕುಂಬಾದ ಪಕಾಸು ತೆಗೆದು ಮಾಡು ಕೈಯಾಡಿಸುವುದು. ಆಗ ಯಾವ ಚುನಾವಣೆ ಇದ್ದರೂ ಒಂದು ದಿನ ಸುದ್ದಿ ಕಳಿಸುವುದಿಲ್ಲ ಎಂದು ಡೆಸ್ಕಿಗೆ ಈಗಲೇ ಹೇಳಿದ್ದೇವೆ.