30-40 ಸೈಟಿನಲ್ಲಿ ಕಬಡ್ಡಿ ಹಿಡಿಸುವುದಿಲ್ಲ

ಭಾನುವಾರ ಬೆಳಿಗ್ಗೆ ಹಾಲು ತರಲು ಹೋದರೆ ಮನೆಗೆ ಬರುವುದು ಅರ್ಧ ಗಂಟೆ ತಡ. ದಾರಿಯಲ್ಲಿ ನಮ್ಮ ಬಡಾವಣೆಯ ಆಟದ ಮೈದಾನ ಸಿಗುತ್ತದೆ. ಅದರ ಕಾಂಪೌಂಡಿಗೆ ಒರಗಿ ನಿಂತುಬಿಡುತ್ತೇನೆ. ನನಗೆ ಆಟಕ್ಕಿಂತ ಆಟಕ್ಕೆ ಮುಂಚಿನ ಐದು ನಿಮಿಷ ಹೆಚ್ಚು ಇಷ್ಟ, ಏಕೆಂದರೆ ಕಾನೂನು ಹುಟ್ಟುವುದು ಆಗ. ‘ಒನ್ ಪಿಚ್ ಕ್ಯಾಚ್ ಔಟು, ಆದ್ರೆ ಒಂದೇ ಕೈಲಿ ಹಿಡೀಬೇಕು.’ ‘ಆ ಹಳದಿ ಮನೆಗೆ ಹೋದ್ರೆ ಔಟು, ಹೊಡೆದೋನೇ ಹೋಗಿ ತರಬೇಕು.’ ‘ಫಸ್ಟ್ ಬಾಲ್ ಟ್ರಯಲ್.’ ಲೆಕ್ಕಕ್ಕಿಂತ ಒಬ್ಬ ಹುಡುಗ ಹೆಚ್ಚಾದರೆ ಅವನು ಜೋಕರ್, ಎರಡೂ ಕಡೆ ಬ್ಯಾಟಿಂಗ್ ಅವನಿಗೆ. ಯಾರನ್ನೂ ವಾಪಸು ಕಳಿಸದ ಈ ಏರ್ಪಾಟನ್ನು ಕಂಡುಹಿಡಿದ ಹುಡುಗ ಯಾರೋ, ಅವನಿಗೆ ನನ್ನ ನಮಸ್ಕಾರ.

ದೊಡ್ಡವರ ಕಾನೂನು ಗೇಟಿನ ಪಕ್ಕದ ಫಲಕದ ಮೇಲಿದೆ. ವಾಹನ ನಿಲ್ಲಿಸಬಾರದು, ಕಸ ಹಾಕಬಾರದು, ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಮಾತ್ರ ಪ್ರವೇಶ. ಎರಡು ರಸ್ತೆ ಆಚೆ ಪಾರ್ಕಿದೆ. ಅಲ್ಲಿನ ಫಲಕದಲ್ಲಿ ಇನ್ನೂ ಒಂದು ಸಾಲು ಹೆಚ್ಚು: ಮಕ್ಕಳು ಚೆಂಡಾಟ ಆಡಬಾರದು. ಪಾರ್ಕಿನಲ್ಲಿ ವಯಸ್ಸಾದವರು ನಡೆಯುತ್ತಾರೆ, ಚೆಂಡು ತಗುಲಿದರೆ ಕಷ್ಟ, ಒಪ್ಪುತ್ತೇನೆ. ಆದರೆ ಪಾರ್ಕಿನಿಂದ ಏಳಿಸಿದ ಹುಡುಗರಿಗೆ ಇರುವುದು ಈ ಮೈದಾನ ಒಂದೇ ಎಂಬುದನ್ನೂ ಅದೇ ಕೈ ನೆನಪಿಟ್ಟುಕೊಂಡು ಬರೆಯಬೇಕಿತ್ತು.

ಇದರ ಬೇರು ಕಾನೂನಿನಲ್ಲೇ ಇದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಪ್ರಕಾರ ಹೊಸ ಬಡಾವಣೆ ಮಾಡುವಾಗ ಒಟ್ಟು ಜಾಗದಲ್ಲಿ ಕನಿಷ್ಠ ಶೇ 15ರಷ್ಟನ್ನು ಉದ್ಯಾನ ಮತ್ತು ಆಟದ ಮೈದಾನಕ್ಕೆ ಬಿಡಬೇಕು. ಒಳ್ಳೆಯ ಮಾತು. ಆದರೆ ಎರಡಕ್ಕೂ ಸೇರಿಸಿ ಹೇಳಿದ್ದು. ಮೈದಾನದ ಪಾಲು ಇಷ್ಟು ಎಂದು ಬೇರೆಯಾಗಿ ಹೇಳಿಲ್ಲ. ಪಾರ್ಕು ಮಾಡಲು ಒಂದು ಮೂಲೆ ಸಾಕು: ನಾಲ್ಕು ಬೆಂಚು, ನಡೆಯಲು ಒಂದು ಸುತ್ತು ದಾರಿ, ಬೇಲಿ. ಮೈದಾನಕ್ಕೆ ಅಳತೆ ಬೇಕು. ನಮ್ಮೂರಿನಲ್ಲಿ ಎಲ್ಲರ ಕನಸಿನ ಅಳತೆ 30-40 ಸೈಟು, ಅಂದರೆ 1200 ಚದರಡಿ. ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. 40 ಅಡಿ ಎಂದರೆ 12 ಮೀಟರಿಗೆ ಚೂರು ಹೆಚ್ಚು, ಅಷ್ಟೆ. ಏನೂ ಸಲಕರಣೆ ಬೇಡದ, ಉಸಿರೊಂದಿದ್ದರೆ ಸಾಕಾದ ಆಟವೂ 30-40ರಲ್ಲಿ ಹಿಡಿಸುವುದಿಲ್ಲ. ಖೋ ಖೋಗೆ 27 ಮೀಟರ್ ಉದ್ದ ಬೇಕು. ಫುಟ್‌ಬಾಲಿನ ಪೂರ್ತಿ ಮೈದಾನದ ಮಾತು ಬಿಡಿ, ಅದು 100 ಮೀಟರಿನ ಲೆಕ್ಕ. ಬಡಾವಣೆಯ ನಕ್ಷೆಯಲ್ಲಿ ಮೂಲೆಮುಡುಕಲೆಲ್ಲ ಸೇರಿ ಶೇ 15 ಆಗುತ್ತದೆ. ಖೋ ಖೋ ಕಂಬ ನೆಡಲು ಹೋದರೆ ಒಂದರಲ್ಲೂ ಜಾಗವಿಲ್ಲ.

ಫುಟ್‌ಬಾಲ್ ಎಂದಾಗ ದಂಡು ಪ್ರದೇಶದ ನೆನಪಾಗುತ್ತದೆ. ಆಸ್ಟಿನ್ ಟೌನ್, ಹಲಸೂರಿನ ಗೌತಮಪುರ, ಈ ಕಡೆಯ ಹುಡುಗರಿಗೆ ಫುಟ್‌ಬಾಲೇ ಊಟ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬರಿಗಾಲಲ್ಲಿ ಆಡಿದ ಅಹ್ಮದ್ ಖಾನ್ ಬೆಂಗಳೂರಿನವರು. ಬರಿಗಾಲಲ್ಲಿ ಚೆಂಡನ್ನು ಹಾಗೆ ಆಳಬೇಕಾದರೆ ಕಾಲು ಕಲಿತ ನೆಲ ಹೇಗಿದ್ದಿರಬೇಕು! ಗಾಜಿನ ಚೂರು, ಕಂಬಿಯ ತುಂಡು, ಶಾಮಿಯಾನದ ಮೊಳೆ ಇರುವ ನೆಲದಲ್ಲಿ ಇವತ್ತು ಯಾವ ತಾಯಿ ಮಗನನ್ನು ಬರಿಗಾಲಲ್ಲಿ ಬಿಟ್ಟಾಳು?

ಶಾಮಿಯಾನದ ಮಾತು ಬಂತಲ್ಲ, ನನ್ನ ಸಂಕಟ ಇರುವುದೇ ಅಲ್ಲಿ. ಗಣೇಶೋತ್ಸವ, ರಾಜ್ಯೋತ್ಸವ, ಆರೋಗ್ಯ ಶಿಬಿರ, ದೀಪಾವಳಿಯ ಪಟಾಕಿ ಮಳಿಗೆ, ಚುನಾವಣೆಯ ಸಭೆ. ಒಂದೊಂದೂ ಊರಿಗೆ ಬೇಕಾದದ್ದೇ. ರಾಜ್ಯೋತ್ಸವದ ಪೆಂಡಾಲಿನಲ್ಲಿ ನಾನೂ ಕುರ್ಚಿ ಹಾಕಿದವನು. ರಾತ್ರಿ 10ರ ಮೇಲೆ ಧ್ವನಿವರ್ಧಕ ಕೂಡದು ಎಂಬ ನಿಯಮ ಹೇಗೋ ನಡೆಯುತ್ತದೆ, ಏಕೆಂದರೆ ನಿದ್ದೆ ಕೆಟ್ಟವರು ಫೋನು ಮಾಡುತ್ತಾರೆ. ನೆಲ ಫೋನು ಮಾಡುವುದಿಲ್ಲ. ಪೆಂಡಾಲಿನ ಗೂಟಕ್ಕೆ ಮೊಳಕೈ ಆಳದ ಗುಂಡಿ ತೋಡುತ್ತಾರೆ, ಜನರೇಟರ್ ಹೊತ್ತ ಲಾರಿ ಒಳಗೆ ಬರುತ್ತದೆ, ಕೊಪ್ಪರಿಗೆ ತೊಳೆದ ಎಣ್ಣೆನೀರನ್ನು ಅಲ್ಲೇ ಚೆಲ್ಲುತ್ತಾರೆ. ಮಳೆ ನೆನೆದ ಕೆಮ್ಮಣ್ಣಿನ ಮೇಲೆ ಲಾರಿ ಹೋದರೆ ಮಣ್ಣಿನೊಳಗಿನ ಗಾಳಿಯೆಲ್ಲ ಹಿಂಡಿಹೋಗಿ ನೆಲ ಗಟ್ಟಿ ಕಟ್ಟುತ್ತದೆ. ಆಮೇಲೆ ನೀರು ಇಂಗದು, ಗರಿಕೆಯ ಬೇರು ಇಳಿಯದು. ಮುಂದಿನ ಮಳೆಗೆ ಅಲ್ಲೊಂದು ಹೊಂಡ. ಹಬ್ಬ ಮೂರು ದಿನ, ನೆಲ ಚೇತರಿಸಿಕೊಳ್ಳಲು ಒಂದು ಮಳೆಗಾಲ.

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಣ್ಣನ ಮಗ ಫೋನಿನಲ್ಲಿ ಹೇಳುತ್ತಿದ್ದ: ‘ಚಿಕ್ಕಪ್ಪ, ಇವತ್ತು ಪುಟ್ಟನ ಪ್ರಾಕ್ಟೀಸ್ ಇಲ್ಲ, ರಾತ್ರಿ ಮಳೆ ಬಂತು, ಊರಿನವರು ಮೈದಾನ ಮುಚ್ಚಿದಾರೆ.’ ಮಳೆ ನಿಂತು ಬಿಸಿಲು ಬಂದಿತ್ತಂತೆ, ಆದರೂ ಹುಲ್ಲಿಗೆ ರಜೆ. ನೆಲಕ್ಕೂ ರಜೆ ಕೊಡುವ ಆ ನಿಯಮ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನಮ್ಮಲ್ಲೂ ಕ್ರಿಕೆಟ್ ಬಲ್ಲ ಹಿರಿಯರಿಗೆ ಇದು ಗೊತ್ತಿತ್ತು. ತೆಂಗಿನ ನಾರಿನ ಮ್ಯಾಟ್ ಹಾಸಿ ಲೀಗ್ ಪಂದ್ಯ ಆಡುತ್ತಿದ್ದವರು ಆಟ ಮುಗಿದ ಮೇಲೆ ಮೊಳೆಗಳನ್ನು ಎಣಿಸಿ ಡಬ್ಬಕ್ಕೆ ಹಾಕಿಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೇನೆ. ಒಂದು ಕಡಿಮೆ ಬಂದರೆ ಹುಡುಕದೆ ಮನೆಗೆ ಹೋಗುತ್ತಿರಲಿಲ್ಲ.

ಕಾಪಾಡುವ ಕಾನೂನು ನಮ್ಮಲ್ಲಿಲ್ಲವೆಂದಲ್ಲ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆಂದೇ 1985ರಲ್ಲಿ ಕರ್ನಾಟಕ ಒಂದು ಕಾಯ್ದೆ ಮಾಡಿತು. ಸ್ಥಳೀಯ ಆಡಳಿತ ತನ್ನಲ್ಲಿರುವ ಮೈದಾನಗಳ ಪಟ್ಟಿ ಮಾಡಿಡಬೇಕು ಎಂದು ಅದರಲ್ಲಿದೆ. ಅದಕ್ಕಿಂತ ದೊಡ್ಡದು 1991ರ ಸುಪ್ರೀಂ ಕೋರ್ಟ್ ತೀರ್ಪು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ನ್ಯಾಯಮೂರ್ತಿಗಳಾದ ಟಿ.ಕೆ. ತೊಮ್ಮೆನ್ ಮತ್ತು ಆರ್.ಎಂ. ಸಹಾಯ್ ನಿವಾಸಿಗಳ ಪರವಾಗಿ ತೀರ್ಪು ಕೊಟ್ಟರು. ಆಸ್ಪತ್ರೆಯೂ ಒಳ್ಳೆಯದೇ, ಆದರೂ ಪಾರ್ಕಿನ ಜಾಗದಲ್ಲಲ್ಲ. ಅಲ್ಲಿ ಓಡಾಡುವ ಸಾಮಾನ್ಯರಿಗೂ ಕೇಳುವ ಹಕ್ಕಿದೆ. ತೆರೆದ ಜಾಗದ ಪ್ರಶ್ನೆ ಬಂದಾಗಲೆಲ್ಲ ದೇಶದ ವಕೀಲರು ಇಂದಿಗೂ ತೆಗೆದು ತೋರಿಸುವ ತೀರ್ಪು ನಮ್ಮ ಬೆಂಗಳೂರಿನ ಒಂದು ಬಡಾವಣೆಯಿಂದ ಹೋಯಿತೆಂದರೆ ನನಗೆ ಬಹಳ ಹೆಮ್ಮೆ.

ನನ್ನನ್ನು ಕೇಳಿದರೆ ಫಲಕದ ಮೇಲೆ ಮೊದಲು ಮೈದಾನದ ಸರ್ವೆ ನಂಬರು, ಉದ್ದ, ಅಗಲ ಬರೆಯಬೇಕು. ಹುಡುಗನೊಬ್ಬ ಹೆಜ್ಜೆ ಹಾಕಿ ಅಳೆದು ಕಡಿಮೆಯಿದೆ ಎಂದು ಹೇಳುವಂತಿರಬೇಕು. ಸಂಜೆ ನಾಲ್ಕರಿಂದ ಆರೂವರೆ ಮಕ್ಕಳದ್ದು, ದುಡ್ಡು ಕಟ್ಟಿಸಿಕೊಳ್ಳುವ ಅಕಾಡೆಮಿಯ ನೆಟ್ ಆ ಹೊತ್ತಿನಲ್ಲಿ ಬೇಡ. ವಾರದಲ್ಲಿ ಎರಡು ಸಂಜೆ ಹುಡುಗಿಯರಿಗೇ ಮೀಸಲು. ಈ ಮೈದಾನದಲ್ಲಿ ಹುಡುಗಿಯರು ಆಡಿದ್ದನ್ನು ನಾನು ನೋಡಿಲ್ಲ, ಗೇಟಿನಿಂದ ನೋಡುತ್ತಾ ನಿಂತವರನ್ನು ನೋಡಿದ್ದೇನೆ. ಕಾರ್ಯಕ್ರಮ ಮಾಡುವವರು ಮುಂಗಡ ಹಣ ಕಟ್ಟಲಿ, ಕೊನೆಯ ಗುಂಡಿ ಮುಚ್ಚಿದ ಮೇಲೆ ವಾಪಸು ಪಡೆಯಲಿ.

ಹೋದ ಭಾನುವಾರ ನಮ್ಮ ಹುಡುಗರ ಪಿಚ್ಚಿನಲ್ಲಿ, ಸರಿಯಾಗಿ ಬಾಲ್ ಬೀಳುವ ಕಡೆ, ಒಂದು ಗೂಟದ ಗುಂಡಿ ಇತ್ತು. ಕೆಮ್ಮಣ್ಣು ತುಂಬಿ, ಬಾಟಲಿಯ ನೀರು ಸುರಿದು, ಹಿಮ್ಮಡಿಯಲ್ಲಿ ತುಳಿದು ನೋಡಿದರು. ನಿಲ್ಲಲಿಲ್ಲ. ಕಲ್ಲಿನ ವಿಕೆಟ್ಟನ್ನು ಎತ್ತಿ ಪಿಚ್ಚನ್ನು ನಾಲ್ಕು ಹೆಜ್ಜೆ ಪೂರ್ವಕ್ಕೆ ಸರಿಸಿಕೊಂಡರು. ಈ ವರ್ಷ ಹೀಗೆ ಸರಿಸಿದ್ದು ಇದು ಮೂರನೆಯ ಸಲ. ಇನ್ನು ಆ ಕಡೆ ಉಳಿದಿರುವುದು ಆರೇಳು ಹೆಜ್ಜೆ, ಆಮೇಲೆ ಕಾಂಪೌಂಡು.